ಹಣಬಳಕೆ ಪ್ರಮಾಣಪತ್ರ

ಮಾನ್ಯರೇ,
ತಾವು ಕಳಿಸಿದ ನಾಲ್ಕು ಸಾವಿರದ ಇನ್ನೂರು ರೂಪಾಯಿ
ಮಾಲ್ದಾರೆ ಕಡೆಯ ನಮ್ಮ ಶಾಲೆಗೆ ತಲುಪಿದೆ.
ಅಷ್ಟು ದುಡ್ಡನ್ನು ಒಟ್ಟಿಗೆ, ಪಾಠಕ್ಕೆಂದೇ,
ನಾನು ಖರ್ಚು ಮಾಡಿದ್ದು
ಹದಿನಾರು ವರ್ಷದ ನೌಕರಿಯಲ್ಲಿ ಇದೇ ಮೊದಲು.
ಬಣ್ಣದ ಸೀಮೆಸುಣ್ಣ ಯಾವತ್ತೂ ಸ್ವಂತದ್ದು. ಅದರ ಲೆಕ್ಕ ಯಾರೂ ಕೇಳಿಲ್ಲ.

ಅರ್ಜಿಯಲ್ಲಿ ಬರೆದಿದ್ದೆ: ತೂಕ ಮತ್ತು ಅಳತೆ, ಚಟುವಟಿಕೆಯ ಮೂಲಕ.
ವಿರಾಜಪೇಟೆ ಗಡಿಯಾರ ಕಂಬದ ಬಳಿ
ಒಂದು ಕೊಕ್ಕೆ ತಕ್ಕಡಿ ಕೊಂಡೆ, ಬ್ಯಾಟರಿಯದ್ದು,
ನೂರು ಕಿಲೋ ತಡೆಯುತ್ತದೆ. ಬಿಲ್ಲು ಲಗತ್ತಿಸಿದೆ.
ಉಳಿದದ್ದರಲ್ಲಿ ಚೌಕುಳಿ ಪುಸ್ತಕ ಇಪ್ಪತ್ತಮೂರು, ಹಗ್ಗ, ಆಟೋ ಬಾಡಿಗೆ.
ಆಟೋದವನು ಬಿಲ್ಲು ಕೊಡಲಿಲ್ಲ, ನಕ್ಕ.

ಮೊದಲ ವಾರ ಮಕ್ಕಳು ತೂಗದೆ ಬಿಟ್ಟದ್ದು ಏನೂ ಇಲ್ಲ.
ಸಫ್ವಾನನ ಬ್ಯಾಗು ಮೂರು ಕಿಲೋ ನಾನ್ನೂರು.
ಹೆಡ್‌ಮಾಸ್ಟರ ಕೊಡೆ, ಬಿಸಿಯೂಟದ ಸೌಟು,
ಚೀಲದೊಳಗೆ ಒದೆಯುವ ಹುಂಜ.
ಅಂಕಿ ನಿಲ್ಲದೆ ಕುಣಿಯಿತು, ಜಗಳವಾಯಿತು,
ಕೊನೆಗೆ ‘ಸುಮಾರು’ ಎಂಬ ಶಬ್ದ ಕಲಿತರು.
ರಾತ್ರಿ ಗೇಟಿನವರೆಗೆ ಬಂದುಹೋದ ಆನೆಯ ಲದ್ದಿ,
ಉಂಡೆಗೆ ಒಂದು ಕಿಲೋ ಒಂಬೈನೂರು.
ಜಹಿರುಲ್, ಹೋದ ವರ್ಷ ಅಸ್ಸಾಮಿನಿಂದ ಬಂದವನು,
ತರಗತಿಯಲ್ಲಿ ಈವರೆಗೆ ಬಾಯಿ ಬಿಡದವನು,
ಮೂಗು ಹಿಡಿದುಕೊಂಡೇ ಅದನ್ನು ಕನ್ನಡದಲ್ಲಿ ಓದಿದ.
ಇದನ್ನು ತಾವು ‘ಫಲಿತಾಂಶ’ದ ಕಾಲಂಗೆ ಸೇರಿಸಿಕೊಳ್ಳಬಹುದು.

ಕಾಫಿ ಕುಯ್ಲು ಶುರುವಾದರೆ ಹಾಜರಿ ಇಳಿಯುತ್ತದೆ, ಗೊತ್ತಿದ್ದದ್ದೇ.
ಲೈನ್‌ಮನೆಯ ದೊಡ್ಡ ಮಕ್ಕಳು ಕೂಸು ನೋಡಿಕೊಳ್ಳಲು ನಿಲ್ಲುತ್ತಾರೆ.
ಐದನೇ ಕ್ಲಾಸಿನ ಬೊಳ್ಚಿ ನಾಲ್ಕು ದಿನ ಬಿಟ್ಟು ಬಂದಳು,
ಸೊಂಟದಲ್ಲಿ ತಮ್ಮ, ಕಂಕುಳಲ್ಲಿ ಮಡಚಿದ ಖಾಲಿ ಗೋಣಿ.
ಯಾರನ್ನೂ ಕೇಳಲಿಲ್ಲ, ಕೊಕ್ಕೆಗೆ ಹಾಕಿದಳು.
ಏಳುನೂರು ಗ್ರಾಂ.
ತೆಗೆದು ಮತ್ತೆ ಹಾಕಿದಳು.
ಏಳುನೂರು.
‘ರೈಟರು ಗೋಣಿ ತೂಕ ಅಂತ ಎರಡು ಕಿಲೋ ಕಳೀತಾರೆ, ಟೀಚರೇ.’

ಆಮೇಲೆ ನಾನು ಕಲಿಸಿದ್ದು ಏನೂ ಇಲ್ಲ.
ಬೋರ್ಡನ್ನು ಅವರೇ ತುಂಬಿಸಿದರು.
ಎರಡರಲ್ಲಿ ಏಳುನೂರು ಹೋದರೆ ಒಂದು ಕಿಲೋ ಮುನ್ನೂರು.
ದಿನಕ್ಕೆ ಎರಡು ಚೀಲ. ಅರವತ್ತು ದಿನ.
ಕಿಲೋಗೆ ಆರು ರೂಪಾಯಿ.
ದಶಕ ತಪ್ಪಿದಲ್ಲಿ ಅಂಗೈಯಿಂದ ಒರೆಸಿ, ಮತ್ತೆ ಬರೆದು,
ಒಂಬೈನೂರ ಮೂವತ್ತಾರು ರೂಪಾಯಿ ಎಂದರು.
ಒಬ್ಬಳಿಗೆ. ಒಂದು ಕುಯ್ಲಿಗೆ.
‘ನಮ್ಮಮ್ಮಂಗೂ ಅಷ್ಟೇ’ ಎಂದ ಚಾತ.
‘ನಮ್ಮನೇಲಿ ಇಬ್ಬರು’ ಎಂದ ಕರ್ಪಿ
ಸೀಮೆಸುಣ್ಣ ಇನ್ನೊಮ್ಮೆ ಎತ್ತಿಕೊಂಡಳು.

ತಮಗೆ ಒಂದು ಮಾತು ತಿಳಿಸಬೇಕು.
ಶಾಲೆಯ ನೀರಿನ ಟ್ಯಾಂಕು ಆ ತೋಟದವರದ್ದು.
ಜನವರಿ ಇಪ್ಪತ್ತಾರರ ಲಾಡು ಅವರದ್ದು.
ನಾನಿರುವ ಬಾಡಿಗೆ ಮನೆ ಅವರ ಭಾವನದ್ದು.
ಆ ದಿನ ಡಸ್ಟರು ನನ್ನ ಕೈಯಲ್ಲೇ ಇತ್ತು.
ಒರೆಸಲು ಎದ್ದಿದ್ದೆ.
ಬೊಳ್ಚಿ, ‘ಇನ್ನೂ ಬರ್ಕೊಂಡಿಲ್ಲ’ ಎಂದಳು.
ಕೂತೆ.

ನಿಮ್ಮ ನಮೂನೆಯ ಒಂಬತ್ತನೇ ಪ್ರಶ್ನೆ:
ಉಪಕರಣ ಈಗ ಎಲ್ಲಿದೆ?
ಸ್ಟಾಕ್ ಪುಸ್ತಕದ ಪ್ರಕಾರ, ಬೀರುವಿನ ಮೇಲಿನ ಅರೆಯಲ್ಲಿ.
ಸಂಜೆ ಐದರ ಹೊತ್ತಿಗೆ ಬಂದರೆ,
ರೈಟರ ಮೇಜಿನಿಂದ ಹತ್ತಡಿ ಆಚೆ, ಹಾಲುವಾಣದ ಕೊಂಬೆಯಲ್ಲಿ.
ಹೆಂಗಸರು ಮೊದಲು ಅಲ್ಲಿ ನಿಂತು ಆಮೇಲೆ ಮೇಜಿಗೆ ಹೋಗುತ್ತಾರೆ.
ಅಂಕಿ ಓದುವವನು ಜಹಿರುಲ್. ಗಟ್ಟಿಯಾಗಿ ಓದುತ್ತಾನೆ,
ಸುಮಾರು ಎನ್ನುವುದಿಲ್ಲ.
ಶನಿವಾರದಿಂದ ಗೋಣಿಗೆ ಒಂದೇ ಕಿಲೋ ಎಂದಾಗಿದೆ.
ಮುನ್ನೂರು ಗ್ರಾಂ ಇನ್ನೂ ಬಾಕಿ.

ಬ್ಯಾಟರಿ ಮುಗಿಯುತ್ತ ಬಂದಿದೆ.
ಮುಂದಿನ ವರ್ಷದ ಅರ್ಜಿಗೆ
ಕೊನೆಯ ದಿನಾಂಕ ತಿಳಿಸಬೇಕಾಗಿ ವಿನಂತಿ.